ಬಿ3 ಆಡಿ ಸೋತರೆ ತಪ್ಪು ಆರಂಭದ್ದೇ?

ಚದುರಂಗದಲ್ಲಿ ಮೊದಲ ನಡೆಯಾಗಿ ಬಿ3 ಆಡಿ, ಎಂದರೆ ಬಿ ಸಾಲಿನ ಪದಾತಿಯನ್ನು 3ನೆಯ ಮನೆಗೆ ಇಟ್ಟು (ಅಕ್ಷರ ಸಾಲನ್ನೂ ಅಂಕಿ ಮನೆಯನ್ನೂ ಸೂಚಿಸುತ್ತವೆ), ಎರಡು ಪಂದ್ಯಗಳನ್ನು ಸೋತಿರುವುದಾಗಿ ಬರೆದು, ಬದಿಯಿಂದ ಆರಂಭಿಸುವ ಕ್ರಮವೇ ದುರ್ಬಲವೇ ಎಂದು ಕೇಳಿದ್ದೀರಿ. ದುರ್ಬಲವಲ್ಲ. ಆದರೆ ಕುದುರೆಯನ್ನು ಅವಸರದಿಂದ ಹೊರತಂದರೆ ಅದು ಕ್ಷಮಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ವಿಜಯಪುರದ ಒಂದು ಮುಕ್ತ ಪಂದ್ಯಾವಳಿಯಲ್ಲಿ ನಾನು ಇದನ್ನೇ ಅನುಭವಿಸಿದೆ. ಎದುರಾಳಿ ಇ5 ಆಡಿದರು. ನಾನು ಒಂಟೆಯನ್ನು ಬಿ2ಕ್ಕೆ ತಂದೆ. ಅವರು ಸಿ6ರ ಕುದುರೆಯಿಂದ ತಮ್ಮ ಪದಾತಿಗೆ ಕಾವಲಿಟ್ಟರು. ಜಿ1ರ ಕುದುರೆಯನ್ನು ಬೆರಳುಗಳಿಂದ ಹಿಡಿದ ಮೇಲೆ, ಎಫ್3ಕ್ಕೆ ಇಟ್ಟರೆ ಇ4 ಎಂದು ಪದಾತಿ ನುಗ್ಗಿ ಬರುತ್ತದೆಂಬುದು ನನಗೆ ಹೊಳೆಯಿತು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕಾದ್ದರಿಂದ ಅಲ್ಲಿಯೇ ಇಟ್ಟೆ. ನಾನು ಕುದುರೆಯನ್ನು ಉಳಿಸಿಕೊಳ್ಳಲು ಓಡಾಡುತ್ತಿದ್ದಾಗ ಅವರ ಕಾಯಿಗಳೆಲ್ಲ ಹೊರಗೆ ಬಂದು ನಿಂತವು, ಆಟ ಕೈತಪ್ಪಿತು.

ಇದೇ ತಪ್ಪಿಗೆ ಡೆನ್ಮಾರ್ಕಿನ ಬೆಂಟ್ ಲಾರ್ಸನ್ ಅವರಂಥ ದಿಗ್ಗಜರೂ ಬೆಲೆ ತೆತ್ತಿದ್ದಾರೆ. 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಸೋವಿಯತ್ ಒಕ್ಕೂಟಕ್ಕೂ ಉಳಿದ ಜಗತ್ತಿನ ತಂಡಕ್ಕೂ ನಡೆದ ಪಂದ್ಯದಲ್ಲಿ, ಅಂದಿನ ವಿಶ್ವ ಚಾಂಪಿಯನ್ ಬೋರಿಸ್ ಸ್ಪಾಸ್ಕಿ ಅವರ ಎದುರು ಲಾರ್ಸನ್ ಬಿ3 ಆಡಿ, 4ನೆಯ ನಡೆಯಲ್ಲಿ ಕುದುರೆಯನ್ನು ಎಫ್3ಕ್ಕೆ ತಂದರು. ಇ4ರ ಹೊಡೆತಕ್ಕೆ ಅದು ಡಿ4ಕ್ಕೆ ಹೋಗಿ, ಸಿ6ರಲ್ಲಿ ಕುದುರೆಗೆ ಕುದುರೆ ಎಂದು ಮುಗಿಯಿತು. ಮೂರು ನಡೆಗಳು ಒಂದೇ ಕಾಯಿಗೆ ಖರ್ಚಾದವು. ಸ್ಪಾಸ್ಕಿ 14ನೆಯ ನಡೆಯಲ್ಲಿ ತಮ್ಮ ಆನೆಯನ್ನು ಎಚ್1ಕ್ಕೆ ತಂದು ಬಲಿಕೊಟ್ಟರು. ಬಿಳಿಯ ಆನೆ ಅದನ್ನು ಕಡಿದೊಡನೆ ಕಪ್ಪು ಪದಾತಿ ಜಿ2ಕ್ಕೆ ಇಳಿಯಿತು, ಮಂತ್ರಿ ಎಚ್4ರಿಂದ ಶಹ ಕೊಟ್ಟಿತು, 17ನೆಯ ನಡೆಯಲ್ಲಿ ಆ ಪದಾತಿಯೇ ಎಫ್1ರ ಆನೆಯನ್ನು ಕಡಿದು ಮಂತ್ರಿಯಾಯಿತು. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುವ ಆಟವಿದು.

ಆದರೆ ಅದೇ ವರ್ಷ ಸ್ಪೇನಿನ ಪಾಲ್ಮಾದಲ್ಲಿ ಅಮೆರಿಕದ ಬಾಬಿ ಫಿಶರ್ ಬಿ3 ಆಡಿಯೇ ಬ್ರೆಜಿಲಿನ ಮೆಕಿಂಗ್ ಅವರನ್ನು ಸೋಲಿಸಿದರು ಎಂಬುದನ್ನೂ ಮರೆಯಬೇಡಿ.

ಎದುರಾಳಿ ಇ5 ಆಡಿದಾಗ ನೀವು ಮೊದಲು ಇ3 ಆಡಿರಿ. ಬಿ2ರ ಒಂಟೆ ಇ5ರ ಪದಾತಿಯ ಮೇಲೆ ಕಣ್ಣಿಟ್ಟಿರುತ್ತದೆ, ಇನ್ನೊಂದು ಒಂಟೆ ಬಿ5ಕ್ಕೆ ಹೋಗಿ ಅದರ ಕಾವಲುಗಾರನಾದ ಸಿ6ರ ಕುದುರೆಯನ್ನೇ ಪೀಡಿಸುತ್ತದೆ. ಸ್ಪಾಸ್ಕಿ ಅವರ ಆಟವನ್ನು ಹಲಗೆಯ ಮೇಲೆ ಜೋಡಿಸಿ, 4ನೆಯ ನಡೆಯಲ್ಲಿ ನಿಲ್ಲಿಸಿ, ಕುದುರೆಯ ಬದಲು ಇ3 ಆಡಿ ಮುಂದುವರಿಸಿ ನೋಡಿರಿ.