ಕುಕೀ ಅಳಿಸಿದರೂ ಬರುವ ‘ವೈರಸ್ ಇದೆ’ ಎಚ್ಚರಿಕೆ

ಕುಕೀ (ಸೈಟುಗಳು ಬ್ರೌಸರಿನಲ್ಲಿ ಇಟ್ಟುಹೋಗುವ ಸಣ್ಣ ಮಾಹಿತಿ) ಅಳಿಸಿದ ಮೇಲೂ ಪರದೆಯ ಬಲಮೂಲೆಯಲ್ಲಿ ‘ವೈರಸ್ ಇದೆ’ ಎಂಬ ಸಂದೇಶ ಬರುತ್ತಿದೆ ಅಂದಿದ್ದೀರಿ. ಇದು ಬಹುತೇಕ ವೈರಸ್ ಅಲ್ಲ, ಯಾವುದೋ ಸೈಟಿಗೆ ಒಮ್ಮೆ ಕೊಟ್ಟ ನೋಟಿಫಿಕೇಶನ್ ಅನುಮತಿ. ಕ್ರೋಮ್ ಬ್ರೌಸರ್ ಅದನ್ನು ಕುಕೀಗಳಿಂದ ಬೇರೆಯಾಗಿ ಇಡುತ್ತದೆ, ಅದಕ್ಕೇ ಅಳಿಸಿಹೋಗಿಲ್ಲ.

ಸಂದೇಶದ ಮೇಲೆ ಒತ್ತಬೇಡಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಲೇಬೇಡಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಆಮೇಲೆ ನೋಟಿಫಿಕೇಶನ್ಸ್ ತೆರೆಯಿರಿ. ಅನುಮತಿ ಪಡೆದ ಸೈಟುಗಳ ಪಟ್ಟಿಯಲ್ಲಿ ಗುರುತಿಲ್ಲದ ಪ್ರತಿ ಹೆಸರಿನ ಪಕ್ಕದ ಮೂರು ಚುಕ್ಕೆ ಒತ್ತಿ ‘ಬ್ಲಾಕ್’ ಮಾಡಿ. ಬರೀ ‘ರಿಮೂವ್’ ಮಾಡಿದರೆ ಆ ಸೈಟ್ ಮತ್ತೆ ಅನುಮತಿ ಕೇಳಬಹುದು. ಎಕ್ಸ್‌ಟೆನ್ಶನ್‌ಗಳಲ್ಲೂ (ಕ್ರೋಮಿಗೆ ಸೇರಿಸುವ ಪುಟ್ಟ ಪ್ರೋಗ್ರಾಮುಗಳು) ನೀವು ಹಾಕಿಕೊಳ್ಳದ್ದನ್ನು ತೆಗೆಯಿರಿ.

ಆಮೇಲೂ ನಿಲ್ಲದಿದ್ದರೆ ಬೇರೆ ಪ್ರೋಗ್ರಾಮ್ ಸೇರಿಕೊಂಡಿರಬಹುದು. ತೆರೆದಿರುವ ಕೆಲಸ ಸೇವ್ ಮಾಡಿ, ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ಹಿಡಿಯುತ್ತದೆ. ಇದಾಗುವ ಮೊದಲೇ ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೊತ್ತೊಯ್ದು ಫಾರ್ಮ್ಯಾಟ್ ಮಾಡಿಸಬೇಡಿ, ಫೋಟೋ, ಕಡತಗಳೆಲ್ಲ ಸುಮ್ಮನೆ ಹೋಗುತ್ತವೆ.

ಆ ಸಂದೇಶ ನಂಬಿ ಕಾರ್ಡ್ ವಿವರವನ್ನೋ ಒಟಿಪಿಯನ್ನೋ ಕೊಟ್ಟಿದ್ದರೆ ಮಾತ್ರ ಇದೆಲ್ಲಕ್ಕಿಂತ ಮೊದಲು ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.