ಲಾಭ ಇದೆ, ದುಡ್ಡು ಮಾತ್ರ ಕೈಯಲ್ಲಿಲ್ಲ: ಎಲ್ಲಿ ಸಿಕ್ಕಿಕೊಂಡಿದೆ?

ಸರ್, ಬಳ್ಳಾರಿಯ ನಿಮ್ಮ ಜೀನ್ಸ್ ಘಟಕ ಲಾಭ ತೋರಿಸಿದರೂ ಕೂಲಿ ಕೊಡುವುದಕ್ಕೆ ಸಾಲ ಎತ್ತಬೇಕಾಗಿದೆ, ಯಾಕೆ ಎಂದು ಕೇಳಿದ್ದೀರಿ. ಉತ್ತರ ನೀವೇ ಕೊಟ್ಟ ಲೆಕ್ಕದಲ್ಲಿದೆ. ಸರಕು ಸ್ಟಾಕ್ ಆಗಿ ಕೂರುವುದು 75 ದಿನ, ಮಾರಿದ ಮೇಲೆ ಗಿರಾಕಿಗಳಿಂದ ಬಾಕಿ ಬರುವುದಕ್ಕೆ 90 ದಿನ. ಕೂಡಿಸಿ, ಸಪ್ಲೈಯರ್‌ಗೆ ದುಡ್ಡು ಕೊಡಲು ನೀವು ತೆಗೆದುಕೊಳ್ಳುವ 40 ದಿನ ಕಳೆಯಿರಿ. 125 ದಿನ ಆಯಿತು, ಅಷ್ಟು ದಿನದ ಖರ್ಚು ನಿಮ್ಮ ಕೈಯಿಂದಲೇ ಹೋಗಿರುತ್ತದೆ. ವರ್ಷದ ಉತ್ಪಾದನಾ ಖರ್ಚು 1.46 ಕೋಟಿ ಅಂದರೆ ದಿನಕ್ಕೆ 40,000 ರೂಪಾಯಿ. 125 ದಿನಕ್ಕೆ ಹೆಚ್ಚುಕಡಿಮೆ 50 ಲಕ್ಷ ಸದಾ ವ್ಯಾಪಾರದೊಳಗೇ ಸಿಕ್ಕಿಕೊಂಡಿರುತ್ತದೆ.

ಆದರೆ 75 ದಿನ ಅನ್ನುವ ಒಂದೇ ಅಂಕಿ ಸಾಲದು. ಅದನ್ನು ಒಡೆದು ನೋಡಿ. ಡೆನಿಮ್ ಥಾನು ಎಷ್ಟು, ಕಟಿಂಗ್ ಹೊಲಿಗೆಯಲ್ಲಿ ಎಷ್ಟು, ವಾಷಿಂಗ್‌ಗೆ ಹೋಗಿ ಕೂತಿದ್ದು ಎಷ್ಟು, ಪ್ಯಾಕ್ ಆದರೂ ಮಾರಾಟ ಆಗದ್ದು ಎಷ್ಟು? ವಾಷಿಂಗ್‌ನಲ್ಲಿ ನಿಂತಿದ್ದರೆ ಅದು ಸರದಿಯ ಸಮಸ್ಯೆ. ಪ್ಯಾಕ್ ಆಗಿ ನಿಂತಿದ್ದರೆ ಡಿಸೈನ್, ಸೈಜ್‌ದು. ಎರಡಕ್ಕೂ ಮದ್ದು ಬೇರೆ ಬೇರೆ. ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಒಂದನ್ನೇ ನಂಬಬೇಡಿ, ಹಬ್ಬದ ಸೀಸನ್ನಿನ ಏರಿಳಿತ ಅದರಲ್ಲಿ ಕಾಣುವುದಿಲ್ಲ. 12 ತಿಂಗಳ ಸರಾಸರಿ ತೆಗೆಯಿರಿ.

ಸಪ್ಲೈಯರ್‌ಗೆ ತಡಮಾಡಿ ದುಡ್ಡು ಉಳಿಸೋಣ ಅನ್ನಬೇಡಿ, ದಯವಿಟ್ಟು. ವಾಷಿಂಗ್ ಮಾಡುವವರೂ ಸಣ್ಣವರೇ ಅಲ್ವಾ?

ನನ್ನ ಪ್ರಕಾರ ಮೊದಲು ಹಿಡಿಯಬೇಕಾದ್ದು ಆ 90 ದಿನವನ್ನು. ನಿಮಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿ) ಇದ್ದರೆ, 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಒಪ್ಪಂದ ಏನೇ ಇರಲಿ, ಖರೀದಿದಾರರು 45 ದಿನ ದಾಟಿಸುವಂತಿಲ್ಲ. ಬಿಲ್ಲಿನ ಮೇಲೆ ನೋಂದಣಿ ನಂಬರ್ ಹಾಕಿ. 20 ದಿನ ಇಳಿದರೂ ಸುಮಾರು 8 ಲಕ್ಷ ಬಿಡುಗಡೆ ಆಗುತ್ತದೆ. ಬಾಕಿ ಇರುವವರ ಪಟ್ಟಿಯನ್ನು ಹಳೆಯದರಿಂದ ಜೋಡಿಸಿ ಇಲ್ಲಿ ಹಾಕಿ, ಹೆಸರು ಬೇಡ, ಮೊತ್ತ ಸಾಕು. ಕೂತು ನೋಡೋಣ.