ಸಬ್‌ಮರೀನ್ ಹುಡುಕಲು ಡ್ರೋನ್ ಸಾಕಲ್ವಾ? ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರ

ನೌಕಾಪಡೆಯಲ್ಲಿ ಸಬ್‌ಮರೀನ್ ಹುಡುಕುತ್ತಿದ್ದ ರಷ್ಯಾ ಮೂಲದ ಕೊನೆಯ ಇಲ್-38 ವಿಮಾನ 2023ರ ಅಕ್ಟೋಬರ್ 31ರಂದು ಗೋವಾದಲ್ಲಿ ನಿವೃತ್ತಿಯಾಯಿತು. ಅದಕ್ಕೂ ಮೊದಲೇ, 2017ರಲ್ಲಿ, ತಮಿಳುನಾಡಿನ ಅರಕ್ಕೋಣಂನಲ್ಲಿದ್ದ ಅದೇ ಕೆಲಸದ ಟು-142 ಹೋಗಿತ್ತು. ಈಗ ದೂರದ ಸಮುದ್ರದಲ್ಲಿ ಸಬ್‌ಮರೀನ್ ಹುಡುಕಲು ಇರುವ ವಿಮಾನ ಎಂದರೆ ಅಮೆರಿಕದ ಬೋಯಿಂಗ್ 737ರಿಂದ ಮಾಡಿದ 12 ಪಿ-8ಐ ಮಾತ್ರ. ಇನ್ನೇನು ಕೊಳ್ಳಬೇಕು ಎಂದು ಓದುಗರು ಕೇಳುವುದು ಸರಿಯೇ. ಆದರೆ ಯೂಟ್ಯೂಬ್‌ನಲ್ಲಿ ಕೇಳಿದ್ದನ್ನೇ ಮತ್ತೆ ಮತ್ತೆ ನನಗೆ ಬರೆದು ಕಳಿಸುವುದು ಸಾಕಾಗಿದೆ.

ಪ್ರಶ್ನೆ: ಪಿ-8ಐಗೆ ಸುರಿಯುವ ದುಡ್ಡಲ್ಲಿ ಡ್ರೋನ್ ಕೊಳ್ಳಬಾರದಾ? ಅದು ಮೂವತ್ತು ಗಂಟೆ ಹಾರುತ್ತದೆ, ಪೈಲಟ್ ಪ್ರಾಣಕ್ಕೂ ಅಪಾಯ ಇಲ್ಲ.

ತಿಂಗಳಿಗೊಮ್ಮೆಯಾದರೂ ಬರುವ ಪ್ರಶ್ನೆ ಇದು. ಡ್ರೋನ್ ಬೇಡ ಎಂದು ನಾನು ಹೇಳುತ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದಿಂದ ಕೊಳ್ಳಲು ಸಹಿಯಾದ 31 ಎಂಕ್ಯೂ-9ಬಿ ಡ್ರೋನ್‌ಗಳಲ್ಲಿ 15 ನೌಕಾಪಡೆಗೇ ಬರಲಿವೆ. ನೀರಿನ ಮೇಲೆ ಓಡಾಡುವ ಹಡಗುಗಳ ಮೇಲೆ ಹಗಲೂ ರಾತ್ರಿ ಕಣ್ಣಿಡಲು ಅವು ಬಹಳ ಒಳ್ಳೆಯವು. ಆದರೆ ಸಬ್‌ಮರೀನ್ ಬೇಟೆ ಬೇರೆಯೇ ಕೆಲಸ.

ಒಂದು ಲೆಕ್ಕ ನೋಡಿ. ಗ್ರೇಟ್ ನಿಕೋಬಾರ್ ಹತ್ತಿರ ಒಂದು ಪೆರಿಸ್ಕೋಪ್ ಕಂಡು ಮರೆಯಾಯಿತು ಎಂದುಕೊಳ್ಳಿ. ಅರಕ್ಕೋಣಂನ ನೌಕಾ ವಿಮಾನ ನೆಲೆ ಐಎನ್‌ಎಸ್ ರಾಜಾಳಿಯಿಂದ ಅಲ್ಲಿಗೆ ಸುಮಾರು 1,700 ಕಿ.ಮೀ. ಪಿ-8ಐ ಎರಡು ಗಂಟೆ ಚಿಲ್ಲರೆಯಲ್ಲಿ ಅಲ್ಲಿರುತ್ತದೆ. ಡ್ರೋನ್‌ಗೆ ಹತ್ತಿರ ಹತ್ತಿರ ಐದು ಗಂಟೆ ಬೇಕು. ಸಬ್‌ಮರೀನ್ ಗಂಟೆಗೆ 10 ನಾಟಿಕಲ್ ಮೈಲಿ ಹೋದರೂ ಎರಡು ಗಂಟೆಯಲ್ಲಿ ಅದು ಸುಮಾರು 4,300 ಚದರ ಕಿ.ಮೀ. ವೃತ್ತದೊಳಗೆ ಎಲ್ಲಿ ಬೇಕಾದರೂ ಇರಬಹುದು. ಹೆಚ್ಚುಕಡಿಮೆ ಕೊಡಗು ಜಿಲ್ಲೆಯಷ್ಟು ಜಾಗ. ಐದು ಗಂಟೆ ಬಿಟ್ಟು ಹೋದರೆ ಆ ವೃತ್ತ 27,000 ಚದರ ಕಿ.ಮೀ. ಆಗಿರುತ್ತದೆ. ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಮೂರೂ ಸೇರಿದರೂ ಅಷ್ಟಾಗುವುದಿಲ್ಲ. ಆಮೇಲೆ ಮೂವತ್ತು ಗಂಟೆ ಸುತ್ತಿದರೂ ಹುಡುಕುವುದು ಎಲ್ಲಿ?

ತಲುಪಿದ ಮೇಲೆ ನೀರಿನೊಳಗಿನ ಶಬ್ದ ಕೇಳಿ ರೇಡಿಯೊದಲ್ಲಿ ಕಳಿಸುವ ಸೋನೊಬಾಯ್ (ಚಿಕ್ಕದಾಗಿ ಬಾಯ್) ಬೇಕು. ಸುಮಾರು ಮೂರು ಅಡಿ ಉದ್ದದ, ಕೈಯಲ್ಲಿ ಎತ್ತಬಹುದಾದ ಕೊಳವೆ ಅದು. ಸಣ್ಣ ಪ್ಯಾರಾಚೂಟ್ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ. ಉಪ್ಪುನೀರು ತಾಗಿದ ಕೂಡಲೇ ಬ್ಯಾಟರಿ ಕೆಲಸ ಶುರು ಮಾಡುತ್ತದೆ. ಆಂಟೆನಾ ಮೇಲೆ ತೇಲುತ್ತದೆ, ನೀರಿನೊಳಗಿನ ಮೈಕ್ ತಂತಿ ಹಿಡಿದು ಕೆಳಗಿಳಿಯುತ್ತದೆ. ಎಷ್ಟು ಆಳಕ್ಕೆ ಎನ್ನುವುದರಲ್ಲೇ ಕಸುಬಿದೆ. ನಮ್ಮ ಸಮುದ್ರದ ಮೇಲ್ಪದರ ಬೆಚ್ಚಗಿರುತ್ತದೆ, ಅದರ ಕೆಳಗೆ ಉಷ್ಣತೆ ಥಟ್ಟನೆ ಇಳಿಯುತ್ತದೆ. ಅಲ್ಲಿ ಶಬ್ದ ಬಾಗಿಬಿಡುತ್ತದೆ. ಬುದ್ಧಿವಂತ ಕ್ಯಾಪ್ಟನ್ ಆ ಪದರದ ಕೆಳಗೇ ಅಡಗಿರುತ್ತಾನೆ. ಅದಕ್ಕೇ ಮೊದಲು ನೀರಿನ ಉಷ್ಣತೆ ಅಳೆಯುವ ಬಾಯ್ ಹಾಕಿ, ಆಮೇಲೆ ಕೇಳುವ ಬಾಯ್‌ಗಳ ಸಾಲು ಹಾಕುತ್ತಾರೆ. ಗುರಿ ಆ ಸಾಲು ದಾಟಿದರೆ ಮತ್ತೊಂದು ಸಾಲು. ಪಿ-8ಐ ನೂರಕ್ಕಿಂತ ಜಾಸ್ತಿ ಬಾಯ್ ಹೊರುತ್ತದೆ. ಡ್ರೋನ್‌ಗೆ ತಯಾರಾಗಿರುವ ಪಾಡ್ (ರೆಕ್ಕೆಯಡಿ ತೂಗುಹಾಕುವ ಪೆಟ್ಟಿಗೆ) ಒಂದರಲ್ಲಿ ಇದೇ ಗಾತ್ರದವು ಹಿಡಿಯುವುದು 10.

ಬಾಯ್‌ಗಳಿಂದ ಬರುವ ಶಬ್ದದಲ್ಲಿ ಟ್ರಾಲರ್ ಯಾವುದು, ಟ್ಯಾಂಕರ್ ಯಾವುದು, ಬ್ಯಾಟರಿ ಮೇಲೆ ಮೆಲ್ಲಗೆ ಸರಿಯುತ್ತಿರುವ ಡೀಸೆಲ್ ಸಬ್‌ಮರೀನ್ ಯಾವುದು ಎಂದು ಬಿಡಿಸುವವರು ವಿಮಾನದೊಳಗೇ ಸಾಲಾಗಿ ಕೂತಿರುತ್ತಾರೆ. ಪತ್ತೆಯಾದರೆ ಮಾರ್ಕ್-54 ಟಾರ್ಪಿಡೊ ಹಾಕುವುದೂ ಅದೇ ವಿಮಾನ. ಹಾಗಾಗಿ ಆರಿಸುವಾಗ ನಾನು ಕೇಳುವುದು ಮೂರೇ: ಎಷ್ಟು ಬೇಗ ತಲುಪುತ್ತದೆ, ಎಷ್ಟು ಬಾಯ್ ಹೊರುತ್ತದೆ, ವರ್ಷ ವರ್ಷ ಬಾಯ್ ಕೊಳ್ಳಲು ದುಡ್ಡು ತೆಗೆದಿಟ್ಟಿದ್ದೀರಾ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಬಾಯ್ ಒಂದು ಸಲ ಹಾಕಿದರೆ ಮುಗಿಯಿತು, ವಾಪಸ್ ಬರಲ್ಲ. 2024ರ ಆಗಸ್ಟ್‌ನಲ್ಲಿ ಅಮೆರಿಕ ನಮಗೆ ಬಾಯ್ ಮಾರಲು ಒಪ್ಪಿಗೆ ಕೊಟ್ಟಾಗ ಅದರ ಅಂದಾಜು ಬೆಲೆಯೇ 5.28 ಕೋಟಿ ಡಾಲರ್. ಬಾಯ್ ಇಲ್ಲದ ಪಿ-8ಐ ಬರೀ ದುಬಾರಿ 737.

ಪ್ರಶ್ನೆ: ಉಪಗ್ರಹದಿಂದ ಸಬ್‌ಮರೀನ್ ಕಾಣುತ್ತದಂತೆ, ಮತ್ತೆ ವಿಮಾನ ಯಾಕೆ?

ಮುಳುಗಿದ್ದು ಕಾಣುವುದಿಲ್ಲ, ರೇಡಾರ್ ಅಲೆ ಸಮುದ್ರದ ನೀರಿನೊಳಗೆ ಇಳಿಯುವುದೇ ಇಲ್ಲ. ಕಾಣುತ್ತದೆ ಎಂದು ವಿಡಿಯೊ ಮಾಡಿದವರನ್ನು ದಯವಿಟ್ಟು ನಂಬಬೇಡಿ.

ಪ್ರಶ್ನೆ: ಇಲ್-38ಕ್ಕೆ ನಾಲ್ಕು ಎಂಜಿನ್ ಇತ್ತು. ಪಿ-8ಐಯ ಎರಡೇ ಎಂಜಿನ್ ನಂಬಿ ನಡುಸಮುದ್ರಕ್ಕೆ ಹೋಗಬಹುದಾ?

ಹೋಗಬಹುದು. ಅಮೆರಿಕದ ಹಳೇ ಗಸ್ತು ವಿಮಾನ ಓರಿಯನ್‌ಗೂ ನಾಲ್ಕು ಎಂಜಿನ್ ಇತ್ತು, ಅದರವರು ಇಂಧನ ಉಳಿಸಲು ಎಂಜಿನ್ ನಿಲ್ಲಿಸಿಕೊಂಡೇ ಗಸ್ತು ಹಾರುತ್ತಿದ್ದರು.

ಪ್ರಶ್ನೆ: ಆತುರ ಏನು? ನಾಲ್ಕು ವರ್ಷ ಕಾದು ಇನ್ನೂ ಒಳ್ಳೆಯದು ಕೊಳ್ಳೋಣ, ಇಲ್ಲ ಸ್ವದೇಶಿಯೇ ಮಾಡಿಕೊಳ್ಳೋಣ.

ಕಾಯುವ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಬ್ರಿಟನ್ ಸಬ್‌ಮರೀನ್ ಹುಡುಕುವ ತನ್ನ ಹಳೇ ವಿಮಾನ ನಿಮ್ರಾಡ್‌ಗೆ ಹೊಸ ರೆಕ್ಕೆ, ಹೊಸ ಎಂಜಿನ್ ಹಾಕಿ ಎಂಆರ್‌ಎ-4 ಮಾಡಲು ಹೊರಟಿತು. ಹಳೇ ವಿಮಾನಗಳನ್ನು ಕೈಯಲ್ಲಿ ಕಟ್ಟಿದ್ದರು, ಒಂದರ ಅಳತೆ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. 21 ವಿಮಾನ ಎಂದಿದ್ದದ್ದು 9ಕ್ಕೆ ಇಳಿಯಿತು. 2010ರಲ್ಲಿ ಹಳೆಯದೂ ಹೋಯಿತು, ಹೊಸದೂ ರದ್ದಾಯಿತು. ಅವರ ಮೊದಲ ಪಿ-8 ತವರಿಗೆ ಬಂದದ್ದು 2020ರಲ್ಲಿ. ನಡುವೆ ಸ್ಕಾಟ್ಲೆಂಡ್ ಬಳಿ ಸಬ್‌ಮರೀನ್ ಅನುಮಾನ ಬಂದಾಗ ಮಿತ್ರ ದೇಶಗಳ ವಿಮಾನ ಕರೆಸಿಕೊಳ್ಳಬೇಕಾಯಿತು. ಕಸುಬು ಮರೆಯಬಾರದೆಂದು ತಮ್ಮವರನ್ನು ಬೇರೆ ದೇಶಗಳ ವಿಮಾನಗಳಲ್ಲಿ ಕೆಲಸಕ್ಕೆ ಕಳಿಸಿದ್ದರು, ಅದೊಂದು ಒಳ್ಳೆಯದಾಯಿತು. ನಾವು ಟು-142 ವಿಷಯದಲ್ಲಿ ಸರಿಯಾಗಿ ನಡೆದೆವು. ಪಿ-8ಐ 2013ರಲ್ಲೇ ಬಂದಿತ್ತು, ಹಳಬರು ಹೊಸಬರು ನಾಲ್ಕು ವರ್ಷ ಜೊತೆಗೇ ಹಾರಿದರು.

ಸ್ವದೇಶಿ ವಿಷಯಕ್ಕೆ ಬಂದರೆ, ಪಿ-8ಐ ಒಳಗಿನ ಡೇಟಾ ಲಿಂಕ್ (ಹಡಗು, ವಿಮಾನಗಳ ನಡುವೆ ಮಾಹಿತಿ ಹಂಚುವ ವ್ಯವಸ್ಥೆ) ಬೆಂಗಳೂರಿನ ಬಿಇಎಲ್‌ನದು. ನಮ್ಮವರು ಕೈ ಹಾಕಬೇಕಾದದ್ದು ಅಂಥದ್ದಕ್ಕೇ, ಸೋನೊಬಾಯ್‌ಗೂ ಸೇರಿ.

ಪ್ರಶ್ನೆ: ಕಾರವಾರದಲ್ಲೇ ಪಿ-8ಐ ಇಡಬಾರದಾ?

ಅಂಕೋಲಾದ ಅಲಗೇರಿಯಲ್ಲಿ ರನ್‌ವೇ ಆಗಲಿ, ಆಮೇಲೆ ಕೇಳಿ. ಅಲ್ಲಿಯವರೆಗೆ ಗೋವಾದ ನೌಕಾ ವಿಮಾನ ನೆಲೆ ಐಎನ್‌ಎಸ್ ಹಂಸ ಸಾಕು. 2022ರಿಂದ ಅಲ್ಲಿ ಪಿ-8ಐಗಳದೇ ಒಂದು ಸ್ಕ್ವಾಡ್ರನ್ ಇದೆ, ಕಾರವಾರದ ಮೇಲಕ್ಕೆ ಬರಲು ಅವಕ್ಕೆ ಹತ್ತು ನಿಮಿಷವೂ ಬೇಡ.